ನಾಲ್ಕು ಚುಕ್ಕಿಯ ರೆಕ್ಕೆ

“ಕದಿಯೋಕೆ ಬಂದವನು ಮರಳುಕಾಗದ ಹಿಡ್ಕೊಂಡು ಬರ್ತಾನಾ ಮಾವ?”

ಬಡಗಿ ಮಾವ ತಲೆಯೆತ್ತಲಿಲ್ಲ. ಹಲಗೆಯ ಮೇಲೆ ಓಡುತ್ತಿದ್ದ ಉಜ್ಜುಗೊರಡು ಮಾತ್ರ ಅರ್ಧದಲ್ಲೇ ನಿಂತಿತು.

ಜೇಬಿನಿಂದ ಅಂಗೈ ಅಗಲದ ಮರದ ತುಂಡೊಂದನ್ನು ತೆಗೆದು ಅವರ ಮುಂದೆ ಇಟ್ಟೆ. “ಮುಟ್ಟಿ ನೋಡಿ. ಈ ಕಡೆ ಗರಗಸ ಹಾಕಿ ಕೊಯ್ದಿದ್ದಾರೆ. ಸರಿ, ಕೊಯ್ಯಲಿ. ಆದ್ರೆ ಕೊಯ್ದ ಮೇಲೆ ಅಂಚನ್ನ ಮರಳುಕಾಗದದಲ್ಲಿ ಉಜ್ಜಿ ನಯ ಮಾಡಿದ್ದಾರೆ. ಸತ್ತವನ ಯಂತ್ರದಿಂದ ಸಾಕ್ಷಿ ಕದಿಯೋ ಹೊತ್ತಲ್ಲೂ, ಯಾರ ಕೈಗೂ ಸಿಬಿರು ಚುಚ್ಚಬಾರದು ಅಂತ ಯೋಚಿಸೋರು ಈ ಕಾರ್ಖಾನೇಲಿ ಎಷ್ಟು ಜನ ಇದ್ದಾರೆ?”

ಹನ್ನೊಂದು ದಿನಗಳ ಹಿಂದೆ ಮೊದಲನೇ ಹೆಲಿಕಾಪ್ಟರು ಎಂಬತ್ತು ಅಡಿ ಮೇಲಿಂದ ಬಿದ್ದು ಅದನ್ನು ಹಾರಿಸುತ್ತಿದ್ದ ಕ್ಯಾಪ್ಟನ್ ಸತ್ತಿದ್ದರು. ಮೂರು ಮರದ ರೆಕ್ಕೆಗಳಲ್ಲಿ ಒಂದು ಬುಡದ ಹತ್ತಿರ ಮುರಿದಿತ್ತು. ಕಳಚಿ ಹಾರಿದ ಆಚೆಯ ಭಾಗ ನೆಲಕ್ಕಪ್ಪಳಿಸಿ ಪುಡಿಯಾಗಿತ್ತು. ಮುರಿದ ಬುಡದ ಮೊಳದುದ್ದದ ತುಂಡು ನಾನು ಬರುವಷ್ಟರಲ್ಲಿ ಮಾಯವಾಗಿತ್ತು. ಕಬ್ಬಿಣದ ಹಿಡಿಕೆಯೊಳಗೆ ಉಳಿದಿದ್ದದ್ದು ಈ ಅಂಗೈಯಷ್ಟು ಮರ ಮಾತ್ರ.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಕಳ್ಳರು, ಬೇಲಿ ಜಗಳ, ವಿಷ ಹಾಕಿದ ಹೆಂಡಿರು, ಹಾಕಿಸಿದ ಗಂಡಂದಿರು ಇವರ ಹಿಂದೆ ಅಲೆದವನು ನಾನು. ಯಂತ್ರವೆಂದರೆ ನನಗೆ ಹೊಲಿಗೆ ಯಂತ್ರಕ್ಕಿಂತ ಹೆಚ್ಚು ಗೊತ್ತಿಲ್ಲ. “ಹೊರಗಿನ ಕಣ್ಣು ಬೇಕು” ಎಂದು ಕಾರ್ಖಾನೆಯವರು ಕರೆಸಿದ್ದರು. ಅವರಿಗೆ ಬೇಕಿದ್ದದ್ದು ಕಣ್ಣಲ್ಲ, ಸಹಿ. ಅದನ್ನು ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಹಾಕಿಯೂ ಕೊಟ್ಟಿದ್ದೆ. ‘ಎರಡನೇ ಯಂತ್ರದ ರೆಕ್ಕೆಗಳು ಬೇರೆ, ಅದು ಹಾರಲು ಅಡ್ಡಿಯಿಲ್ಲ.’

ಸಹಿ ಹಾಕುವಾಗ ಕಾಗದ ಹಾರದಿರಲೆಂದು ಇದೇ ಮರದ ತುಂಡನ್ನು ಮೇಲಿಟ್ಟಿದ್ದೆ. ಎತ್ತಿಕೊಳ್ಳುವಾಗ ಹೆಬ್ಬೆರಳಿಗೆ ಅಂಚು ನಯವಾಗಿ ಸಿಕ್ಕಿತು. ಹತ್ತು ದಿನ ಜೇಬಿನಲ್ಲೇ ಹೊತ್ತು ತಿರುಗಿದ್ದರೂ ನನ್ನ ಬೆರಳಿಗೆ ಬುದ್ಧಿ ಬಂದದ್ದು ಸಹಿ ಒಣಗಿದ ಮೇಲೆ.

ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ನಾಲ್ಕಕ್ಕೆ ಎರಡನೇ ಯಂತ್ರ ಹಾರಬೇಕು. ಹಾರಿಸುವವನು ಮಾವನ ಅಳಿಯ.

ಆ ಮದುವೆಯಾದ ದಿನದಿಂದ ಇಡೀ ಕಾರ್ಖಾನೆ ಬಡಗಿಯನ್ನು ಮಾವ ಎಂದೇ ಕರೆಯುತ್ತದೆ. ಅಳಿಯ ಒಬ್ಬನೇ ಆದರೂ ಮುನ್ನೂರು ಜನಕ್ಕೆ ಮಾವ. ಕ್ಯಾಪ್ಟನ್ ಕೂಡ ಹಾಗೆಯೇ ಕರೆಯುತ್ತಿದ್ದರಂತೆ.

“ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ” ಎಂದೆ.

“ಅಂಚು ಹಾಗೇ ಬಿಟ್ರೆ ಮರ ಸೀಳುತ್ತೆ ಸಾರ್” ಎಂದರು ಮಾವ. ತಕ್ಷಣ ನಾಲಿಗೆ ಕಚ್ಚಿಕೊಂಡರು.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಬಂದವಳು ಮಾವನ ಮಗಳು. ಇದೇ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ. ಕಿವಿಯ ಹಿಂದೆ ಪೆನ್ಸಿಲು, ಮುಂಗೈ ತುಂಬ ಶಾಯಿ. ನನ್ನನ್ನು ಕಂಡು ಅವಳ ನಗು ಅರ್ಧ ಇಳಿಯಿತಾದರೂ ಪೂರ್ತಿ ಹೋಗಲಿಲ್ಲ.

“ಅಪ್ಪಾ, ಗಾಳಿ ಕಮ್ಮಿಯಾಗ್ತಾ ಇದೆ. ನಾಲ್ಕರ ತನಕ ಕಾಯಲ್ಲವಂತೆ, ಮುಂಚೇನೇ ಹಾರಿಸ್ತಾರಂತೆ. ಇವತ್ತಾದ್ರೂ ಬಾ. ಮೂರು ವರ್ಷದಲ್ಲಿ ಒಂದು ದಿನ ಬಂದು ನೋಡಿಲ್ಲ ನೀನು. ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ನಮ್ಮ ಮನೆಯವರು ಅದೇ ಹೇಳಿದ್ರು. ಮಾವ ಬಂದು ಬೇಲಿ ಹತ್ರ ನಿಂತ್ರೆ ಸಾಕು, ಆ ದಿನ ಮೋಡಕ್ಕೇ ಮುಟ್ಟಿಸ್ತೀನಿ ಅಂತ.”

“ಬರ್ತೀನಿ ಹೋಗಮ್ಮ. ಸಾಹೇಬ್ರ ಹತ್ರ ಮಾತಾಡಿ ಬರ್ತೀನಿ.”

ಅವಳ ಕಣ್ಣು ಮೇಜಿನ ಮೇಲಿದ್ದ ತುಂಡಿನ ಮೇಲೆ ಬಿತ್ತು. “ಇನ್ನೂ ರೆಕ್ಕೆ ಕಥೇನಾ ಸಾರ್? ನಮ್ಮಪ್ಪನ ಕೈಯಲ್ಲಿ ತಪ್ಪಾಗಲ್ಲ, ಬರೆದಿಟ್ಕೊಳ್ಳಿ. ಹೋದ ತಿಂಗಳು ಅಪ್ಪ ಜ್ವರ ಬಂದು ನಾಲ್ಕು ದಿನ ಮಲಗಿದ್ರಲ್ಲ, ಆಗ ಏಳು ರೆಕ್ಕೇನೂ ವಾರ್ನಿಷ್ ಮನೇಲಿ ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ನೇತುಹಾಕಿದ್ರು. ಒಂದೊಂದನ್ನೂ ನಾನೇ ಅಳೆದು ನಕ್ಷೆ ಮಾಡ್ಕೊಂಡೆ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ.”

ಮಗಳ ಹೊಗಳಿಕೆ ಕೇಳಿ ಮಾವ ಮುಖ ಪಕ್ಕಕ್ಕೆ ತಿರುಗಿಸಿದರು. ಆ ಮುಖ ನೋಡುವುದರಲ್ಲೇ ಮುಳುಗಿದ್ದ ನಾನು ಅವಳ ಮಾತು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

“ನೀವೂ ಬನ್ನಿ ಸಾರ್” ಎಂದಳು ಹೊರಡುತ್ತಾ. “ಆದ್ರೆ ಬೇಲಿ ಹತ್ರ ನಿಂತು ಮೈ ಮುರೀಬೇಡಿ. ಎರಡೂ ಕೈ ಮೇಲೆತ್ತಿ ಬೀಸಿದ್ರೆ ‘ಮೇಲೇರು’ ಅಂತ ಅರ್ಥ. ಕೆಳಗಿನಿಂದ ಯಾರೇ ಮಾಡಿದ್ರೂ ಅವರು ಏರಿಬಿಡ್ತಾರೆ. ಇಳೀಬೇಕು ಅಂದ್ರೆ ಕೈ ಕೆಳಗಿಳಿಸಿ ಕತ್ತರಿ ಹಾಕಬೇಕು, ಹೀಗೆ.” ಹೊಟ್ಟೆಯ ಮುಂದೆ ಮುಂಗೈಗಳನ್ನು ಅಡ್ಡಡ್ಡ ಆಡಿಸಿ ತೋರಿಸಿ, ನಗುತ್ತಾ ಹೋದಳು.

ಮಾವ ಆಗಲೇ ಮತ್ತೆ ಹಲಗೆಯ ಮೇಲೆ ಬಗ್ಗಿದ್ದರು. ಅವಳ ಕೈ ಅವರು ನೋಡಲಿಲ್ಲ.

ನಾನು ಬಾಗಿಲು ಮುಂದೆ ಮಾಡಿ ಬಂದು ಸ್ಟೂಲಿನ ಮೇಲೆ ಕೂತೆ. ಮಂಡಿ ನೋಯುತ್ತಿತ್ತು. “ಈಗ ಹೇಳಿ.”

“ಏನು ಹೇಳಲಿ? ನಾನೇ ಕೊಯ್ದೆ.”

“ಯಾಕೆ?”

“ಅದರಲ್ಲಿ ಚುಕ್ಕಿ ಇತ್ತು.”

ಆ ಚುಕ್ಕಿಗಳ ವಿಷಯ ನನಗೆ ಗೊತ್ತಿತ್ತು. ಮಾವ ತಾವು ಮಾಡಿದ ಪ್ರತಿ ರೆಕ್ಕೆಯ ಬುಡದಲ್ಲಿ ಕಾಯಿಸಿದ ಮೊಳೆಯಿಂದ ಚುಕ್ಕಿ ಸುಡುತ್ತಾರೆ. ಮೊದಲನೆಯದಕ್ಕೆ ಒಂದು, ಏಳನೆಯದಕ್ಕೆ ಏಳು. ಮೇಲೆ ತಗಡಿನ ಪಟ್ಟಿ ಸುತ್ತುತ್ತಾರೆ. ಪಟ್ಟಿ ಬಿಚ್ಚದೆ ಚುಕ್ಕಿ ಕಾಣುವುದಿಲ್ಲ. ಬಿದ್ದ ಯಂತ್ರದ ಉಳಿದೆರಡು ರೆಕ್ಕೆಗಳ ಪಟ್ಟಿಯನ್ನು ನಾನು ಮೂರನೇ ದಿನವೇ ಬಿಚ್ಚಿಸಿದ್ದೆ. ಒಂದರಲ್ಲಿ ಎರಡು ಚುಕ್ಕಿ, ಇನ್ನೊಂದರಲ್ಲಿ ಏಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡು ಏನು ಮಾಡಬೇಕೆಂದು ಮಾತ್ರ ತಿಳಿದಿರಲಿಲ್ಲ. ಯಾವ ರೆಕ್ಕೆ ಯಾವ ಯಂತ್ರದ್ದೆಂದು ಇಡೀ ಕಾರ್ಖಾನೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ಯಾಕೆಂದರೆ ಇಲ್ಲಿ ಚುಕ್ಕಿಯ ಲೆಕ್ಕ ಮಾವನದು ಮಾತ್ರ. ಮಿಕ್ಕವರಿಗೆಲ್ಲ ರೆಕ್ಕೆಯೆಂದರೆ ಬಣ್ಣ.

ಬೆಳಗ್ಗೆ ಯಂತ್ರ ಶುರು ಮಾಡುವ ಮೊದಲು ಮೂರು ರೆಕ್ಕೆಗಳ ತುದಿಗೆ ಕೆಂಪು, ನೀಲಿ, ಹಳದಿ ಸೀಮೆಸುಣ್ಣ ಬಳಿಯುತ್ತಾರೆ. ರೆಕ್ಕೆ ತಿರುಗುವಾಗ ಒಬ್ಬ ಕೋಲಿಗೆ ಬಿಳಿ ಬಟ್ಟೆ ಕಟ್ಟಿ, ಮೆಲ್ಲಗೆ ತುದಿಗೆ ತಾಗಿಸುತ್ತಾನೆ. ಮೂರು ಬಣ್ಣವೂ ಬಟ್ಟೆಯಲ್ಲಿ ಒಂದೇ ಕಡೆ ಬಿದ್ದರೆ ರೆಕ್ಕೆಗಳು ಒಂದೇ ಮಟ್ಟದಲ್ಲಿ ತಿರುಗುತ್ತಿವೆ ಎಂದರ್ಥ. ಕೆಂಪು ಮೇಲೆ ಬಿದ್ದರೆ ಕೆಂಪನ್ನು ತಗ್ಗಿಸಬೇಕು. ಹಾಗಾಗಿ ಎಲ್ಲರ ಬಾಯಲ್ಲೂ ಅದೇ. ಕೆಂಪು ಸರಿಯಿಲ್ಲ, ನೀಲಿ ನೋಡು, ಹಳದಿ ತೆಗಿ. ಬಟ್ಟೆ ಹಿಡಿಯುವವನಿಗೆ ಬಾವುಟ ಎಂದೇ ಹೆಸರು ಬಿದ್ದಿದೆ.

“ನಾಲ್ಕನೇ ರೆಕ್ಕೆ ಕೆಟ್ಟಿತ್ತು ಸಾರ್” ಎಂದರು ಮಾವ. ಒಮ್ಮೆ ಬಾಯಿ ಬಿಟ್ಟ ಮೇಲೆ ಅವರಿಗೆ ಮಾತು ತಡೆಯಲಾಗಲಿಲ್ಲ. “ತೆಳು ಪಟ್ಟಿಗಳನ್ನ ಅಂಟು ಹಾಕಿ ಒಂದರ ಮೇಲೊಂದು ಕೂರಿಸಿ ರೆಕ್ಕೆ ಮಾಡೋದು. ನಾಲ್ಕನೇದಕ್ಕೆ ಅಂಟು ಹಾಕಿದ ವಾರ ಥಂಡಿ ಜಾಸ್ತಿ, ಬುಡದಲ್ಲಿ ಒಣಗಿರಲಿಲ್ಲ. ವರ್ಷಕ್ಕೊಂದು ಸಲ, ವಾರ್ನಿಷ್‌ಗೆ ಮುಂಚೆ, ನಾನು ಎಲ್ಲದಕ್ಕೂ ಬೆರಳ ಗೆಣ್ಣಲ್ಲಿ ತಟ್ಟಿ ನೋಡ್ತೀನಿ. ಒಳ್ಳೇದು ಠಣ್ ಅನ್ನುತ್ತೆ. ಇದು ಬೊದ್ ಅಂತು. ತಟ್ಟಿದ ಬೆರಳು ಅಲ್ಲೇ ನಿಂತುಬಿಡ್ತು.”

“ಆಮೇಲೆ?”

“ಚೀಫ್ ಎಂಜಿನಿಯರ್ ಹತ್ರ ಹೋದೆ. ‘ಬರೀಬೇಡಿ ಮಾವ, ಬಾಯಲ್ಲಿ ಹೇಳಿ ಸಾಕು’ ಅಂದ್ರು. ಕಾಗದಕ್ಕೆ ಇಳಿದ್ರೆ ಮೇಲಿನವರು ಬಂದು ಮೂರು ತಿಂಗಳು ಬೀಗ ಹಾಕ್ತಾರೆ ಅಂತ. ನಂಗೂ ಸರಿ ಅನ್ನಿಸ್ತು. ಬಾವುಟನಿಗೆ ಹೇಳಿದೆ, ‘ಅಕ್ಕನ ಕೆಂಪು ಕೆಟ್ಟಿದೆ, ತೆಗೆದು ಸ್ಪೇರ್ ಹಾಕು’ ಅಂತ. ಮೈ ಸುಡ್ತಿತ್ತು, ಮನೆಗೆ ಹೋಗಿ ಮಲಗಿಬಿಟ್ಟೆ.”

ಅಕ್ಕ ಎಂದರೆ ಮೊದಲನೇ ಯಂತ್ರ. ಎರಡನೆಯದು ತಂಗಿ. ಇಬ್ಬರು ಕೂತು ಒಬ್ಬ ರೋಗಿಯನ್ನು ಮಲಗಿಸಿಕೊಂಡು ರಸ್ತೆಯಿಲ್ಲದ ಕಡೆಗಳಿಂದ ಹಾರಿ ಬರಬಲ್ಲ ಹಗುರ ಯಂತ್ರ ಮಾಡುತ್ತೇವೆಂದು ಹೊರಟವರು ಇವರು. ಅಕ್ಕ ಮೊದಲ ವರ್ಷವೆಲ್ಲ ನಾಲ್ಕು ಕಡೆ ಹಗ್ಗ ಕಟ್ಟಿಸಿಕೊಂಡು ಮೊಣಕಾಲೆತ್ತರ ಕುಪ್ಪಳಿಸುತ್ತಿದ್ದಳಂತೆ. ಹಗ್ಗ ಬಿಚ್ಚಿದ ದಿನ ಕ್ಯಾಪ್ಟನ್ ಎಲ್ಲರಿಗೂ ಟೀ ಕೊಡಿಸಿದ್ದರಂತೆ.

“ವಾಪಸ್ ಬಂದಾಗ ಸ್ಟೋರಲ್ಲಿ ಒಂದು ರೆಕ್ಕೆ ‘ಕೆಟ್ಟದ್ದು’ ಅಂತ ಚೀಟಿ ಕಟ್ಕೊಂಡು ನೇತಾಡ್ತಿತ್ತು. ನನ್ನ ಮನಸ್ಸು ಹಗುರಾಯ್ತು. ಪಟ್ಟಿ ಬಿಚ್ಚಿ ನೋಡಲಿಲ್ಲ. ಅದೊಂದು ಸಲ ನೋಡಿದ್ರೆ...” ಮಾವ ಮುಂಗೈಯಿಂದ ಮೂಗು ಒರೆಸಿಕೊಂಡರು. “ಕ್ಯಾಪ್ಟನ್ ಬಿದ್ದ ದಿನ ಎಲ್ರೂ ಬಯಲಿಗೆ ಓಡಿದ್ರೆ ನಾನು ಸ್ಟೋರಿಗೆ ಓಡಿದೆ. ಪಟ್ಟಿ ಬಿಚ್ಚಿದೆ. ಆರು ಚುಕ್ಕಿ.”

“ಅಂದ್ರೆ ಒಳ್ಳೇ ರೆಕ್ಕೇನ ತೆಗೆದಿದ್ರು.”

“ಹೌದು. ಅಕ್ಕನಿಗೆ ನಾಲ್ಕು, ಐದು, ಆರು. ತಂಗಿಗೆ ಒಂದು, ಎರಡು, ಮೂರು. ಏಳು ಸ್ಪೇರ್. ಆರನ್ನ ತೆಗೆದು ಏಳನ್ನ ಹಾಕಿದ್ದಾರೆ. ನಾಲ್ಕು ಅಲ್ಲೇ ಉಳ್ಕೊಂಡಿದೆ. ಅದೇ ಮುರೀತು.”

ನಾನು ನಿನ್ನೆ ಬಾವುಟನನ್ನು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: “ಕೆಂಪು ತೆಗಿ ಅಂದ್ರು, ಕೆಂಪು ತೆಗೆದೆ.” ಸುಳ್ಳು ಹೇಳಿರಲಿಲ್ಲ. ಮಾವ ಕೆಂಪು ಎಂದದ್ದು ವಾರ್ನಿಷ್ ಹಾಕುವ ಹಿಂದಿನ ದಿನ. ವಾರ್ನಿಷ್‌ಗೆ ಒರೆಸುವಾಗ ಸೀಮೆಸುಣ್ಣವೆಲ್ಲ ಹೋಯಿತು. ಮತ್ತೆ ಏರಿಸಿದ ಬೆಳಗ್ಗೆ ಬಾವುಟ ತನ್ನ ಕೈಗೆ ಹತ್ತಿರವಿದ್ದ ರೆಕ್ಕೆಗೆ ಎಂದಿನಂತೆ ಕೆಂಪು ಬಳಿದ. ಆಮೇಲೆ ಕೆಂಪನ್ನು ಬಿಚ್ಚಿದ. ಮಾವನ ಕೆಂಪೇ ಬೇರೆ, ಬಾವುಟನ ಕೆಂಪೇ ಬೇರೆ.

ಒಂದು ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಚೀಫ್‌ನ ಕೊರಳಪಟ್ಟಿ ಹಿಡಿದು ಕೇಳಬೇಕೆನ್ನಿಸುವಷ್ಟು ಸಿಟ್ಟು ಬಂತು. ಆದರೆ ಎದುರಿಗಿದ್ದದ್ದು ಚೀಫ್ ಅಲ್ಲ, ಈ ಮುದುಕ.

“ಯಾಕೆ ಬಚ್ಚಿಟ್ರಿ? ಬಂದು ನನ್ನ ಹತ್ರ ಹೇಳಬಹುದಿತ್ತು.”

“ಹೇಳಿದ್ರೆ ಜೈಲು. ಅದಕ್ಕೆ ಹೆದರಲಿಲ್ಲ ಸಾರ್, ನಿಮ್ಮಾಣೆ. ನಮ್ಮ ಅಳಿಯ ಕ್ಯಾಪ್ಟನ್‌ನ ಅಣ್ಣಾ ಅಂತಿದ್ದ. ಹಾರೋದು ಕಲಿಸಿದ್ದೇ ಅವರು. ನಿನ್ನ ಅಣ್ಣನ್ನ ನಾನೇ ಕೊಂದೆ ಕಣಪ್ಪ ಅಂತ ಅವನ ಮುಖ ನೋಡಿ ಹೆಂಗೆ ಹೇಳಲಿ? ಮಗಳ ಮನೇಲಿ ಕೂತು ಹೆಂಗೆ ಊಟ ಮಾಡಲಿ? ಹನ್ನೊಂದು ದಿನದಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ.”

ಅದು ಸುಳ್ಳಾಗಿರಲಿಲ್ಲ. ಅಂಗಿ ಮೈಮೇಲೆ ಜೋತುಬಿದ್ದಿತ್ತು.

“ಹಾರಾಟ ನೋಡೋಕೆ ಯಾಕೆ ಹೋಗಲ್ಲ ನೀವು?”

“ನಾನು ಮಾಡಿದ್ದು ಒಬ್ಬ ಮನುಷ್ಯನ ತಲೆ ಮೇಲೆ ಹಂಗೆ ತಿರುಗೋದನ್ನ ನೋಡಕಾಗಲ್ಲ ಸಾರ್. ಮೊದಲಿಂದಲೂ ಅಷ್ಟೇ.”

ನನಗೆ ಈ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ಹುಟ್ಟಬಾರದಿತ್ತು, ಹುಟ್ಟಿತು. “ತುಂಡು ಎಲ್ಲಿದೆ?”

ಮಾವ ಎದ್ದರು. ಮೂಲೆಯಲ್ಲಿ ಮರದ ಹೊಟ್ಟು ತುಂಬಿದ ಡ್ರಮ್ಮಿತ್ತು. ಭುಜದ ತನಕ ಕೈ ಇಳಿಸಿ, ಗೋಣಿ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ಎಳೆದರು. ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ತಂದು ಮೇಜಿನ ಮೇಲೆ ಮಲಗಿಸಿದರು.

ಗೋಣಿ ಬಿಚ್ಚಿದೆ. ಮೊಳದುದ್ದದ ಮರ. ಒಂದು ತುದಿ ಕೊಯ್ದು ನಯ ಮಾಡಿದ್ದು, ಇನ್ನೊಂದು ತುದಿ ಮುರಿದದ್ದು. ಮುರಿದ ತುದಿಯ ಮೇಲೆ ಮಣ್ಣು, ಎಣ್ಣೆ, ಮಸಿ ಸೇರಿ ಗಟ್ಟಿ ಹೆಪ್ಪುಗಟ್ಟಿತ್ತು. ನಡುವೆ ತಗಡಿನ ಪಟ್ಟಿ ಹಾಗೇ ಇತ್ತು.

“ಪಟ್ಟಿ ಬಿಚ್ಚಿಲ್ವಲ್ಲ?”

“ಧೈರ್ಯ ಬರಲಿಲ್ಲ. ನೋಡೋದೇನಿದೆ, ನಾಲ್ಕೇ.”

“ಬಿಚ್ಚಿ.”

“ಬೇಡ ಸಾರ್.”

“ಬಿಚ್ಚಿ ಮಾವ. ನೀವು ಅಂದ್ಕೊಂಡದ್ದನ್ನ ನಾನು ವರದೀಲಿ ಬರೆಯೋಕಾಗಲ್ಲ. ನಾನು ಕಂಡದ್ದು ಬೇಕು.”

ಮಾವ ತಗಡಿನ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಪಟ್ಟಿ ಕಳಚಿತು. ಒಳಗೆ ವಾರ್ನಿಷ್ ಕಪ್ಪಾಗಿತ್ತು. ಉಳಿಯ ಬಾಯಿಂದ ಅದನ್ನು ಹಪ್ಪಳದಂತೆ ಎಬ್ಬಿಸಿ, ಉಳಿ ಕೆಳಗಿಟ್ಟು, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

“ನೀವೇ ಎಣಿಸಿ ಸಾರ್.”

ನಾನು ಕನ್ನಡಕ ಏರಿಸಿ ಬಗ್ಗಿದೆ. ಸುಟ್ಟ ಚುಕ್ಕಿಗಳು ಸಾಲಾಗಿದ್ದವು. ಬೆರಳಿಟ್ಟು ಎಣಿಸಿದೆ.

“ಒಂದು. ಎರಡು. ಮೂರು. ನಾಲ್ಕು.”

ಮಾವನ ಬೆನ್ನು ಕುಗ್ಗಿತು.

“ಐದು.”

ನಾನು ತಪ್ಪಿದೆನೆಂದುಕೊಂಡು ಮತ್ತೆ ಎಣಿಸಿದೆ. ಐದೇ. ಕೊನೆಯ ಚುಕ್ಕಿ ಪಟ್ಟಿಯ ಅಂಚಿದ್ದ ಜಾಗದಲ್ಲಿ ತುಸು ಮಸುಕಾಗಿದ್ದರೂ ಸ್ಪಷ್ಟವಿತ್ತು.

ಮಾವ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. ಬೆರಳಿನಿಂದ ಸವರಿ ಸವರಿ ನೋಡಿದರು. ಅವರ ಗಂಟಲಿನಿಂದ ಬಂದ ಸದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

“ನಾಲ್ಕಲ್ಲ. ನಾಲ್ಕಲ್ಲ ಸಾರ್! ನಾನಲ್ಲ! ನಾನು ಕೊಂದಿಲ್ಲ!”

ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಹನ್ನೊಂದು ದಿನ ಎದೆಯ ಮೇಲೆ ಕೂತಿದ್ದ ಬಂಡೆ ಜಾರಿದ ಮನುಷ್ಯ ಹೇಗಿರುತ್ತಾನೆಂದು ಆಗ ನೋಡಿದೆ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನಗೂ ಕಣ್ಣು ತೇವವಾಯಿತೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ಅವರ ಮುಖದ ಮೇಲಿನ ಬೆಳಕು ನಿಧಾನವಾಗಿ ಆರಿತು.

“ಆದ್ರೆ ಐದು ಮುರಿಯೋ ರೆಕ್ಕೆ ಅಲ್ಲ ಸಾರ್” ಎಂದರು. “ಐದು ನನ್ನ ಕೈಯಲ್ಲಿ ಬಂದ ಎಲ್ಲಕ್ಕಿಂತ ಒಳ್ಳೇ ರೆಕ್ಕೆ. ಅದು ಯಾಕೆ ಮುರೀತು?”

ಗೋಣಿಯ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮುರಿದ ಮುಖವನ್ನು ಒರೆಸತೊಡಗಿದರು. ಮಣ್ಣು ಕರಗಿ ಮರ ಕಂಡಿತು. ಅರ್ಧ ಭಾಗ ಸಿಬಿರು ಸಿಬಿರಾಗಿ ಎಳೆಯೆದ್ದು ನಿಂತಿತ್ತು. ಉಳಿದರ್ಧ ಚಪ್ಪಟೆ. ಅದರ ಮೇಲೆ ಒಂದೇ ಸಮನೆ ಸಣ್ಣ ಗೀರುಗಳು.

ಯಂತ್ರ ಗೊತ್ತಿಲ್ಲದ ನನಗೂ ಇದು ಗೊತ್ತಾಯಿತು. “ಗರಗಸ.”

“ಕಬ್ಬಿಣ ಕೊಯ್ಯೋ ಗರಗಸ” ಎಂದರು ಮಾವ. ಧ್ವನಿ ಪಿಸುಮಾತಾಗಿತ್ತು. “ಮರದ್ದಾದ್ರೆ ಗೀರು ಇಷ್ಟು ಹತ್ತಿರ ಬರಲ್ಲ. ಅರ್ಧ ಕೊಯ್ದು, ಮೇಲೆ ವಾರ್ನಿಷ್ ಮೆತ್ತಿ ಬಿಟ್ಟಿದ್ದಾರೆ. ಯಾರು ಸಾರ್? ನಮ್ಮ ಕ್ಯಾಪ್ಟನ್‌ಗೆ ಯಾರು ಹೀಗೆ...”

ಅಪಘಾತ, ಕೈತಪ್ಪು, ಬಾಯಿಮಾತು ಎಂದು ಹತ್ತು ದಿನ ನಾನು ಸುತ್ತಿದ್ದೆಲ್ಲ ವ್ಯರ್ಥ. ಇದು ಕೊಲೆ. ಈ ಬೇಲಿಯೊಳಗಿನವರೇ ಯಾರೋ ಮಾಡಿದ ಕೊಲೆ. ಪ್ರಶ್ನೆಗಳು ಒಟ್ಟಿಗೆ ನುಗ್ಗಿದವು. ನೋಟ್‌ಬುಕ್ ತೆಗೆದು ಮೊದಲಿನಿಂದ ಓದತೊಡಗಿದೆ.

“ಮಾವ, ಲೆಕ್ಕ ಒಂದ್ಸಲ ಸರಿಯಾಗಿ ಹೇಳಿ. ಬಿದ್ದ ಯಂತ್ರದಲ್ಲಿ ಐದು ಇತ್ತು. ಸ್ಟೋರಲ್ಲಿ ಆರು. ಅಕ್ಕನ ಉಳಿದೆರಡು ರೆಕ್ಕೇಲಿ ನಾನು ನೋಡಿದ್ದು ಏಳು ಚುಕ್ಕಿ, ಮತ್ತೆ ಎರಡು ಚುಕ್ಕಿ.”

“ಏನಂದ್ರಿ?”

“ಏಳು ಮತ್ತೆ ಎರಡು.”

“ಎರಡು ತಂಗಿಯದು ಸಾರ್. ಅದು ಅಕ್ಕನ ಮೇಲೆ ಹೆಂಗೆ ಬಂತು?”

ಆಗ ನನಗೆ ಕೇಳಿಸಿತು. ಅರ್ಧ ಗಂಟೆ ಹಿಂದೆ ಅದೇ ಬಾಗಿಲಲ್ಲಿ ನಿಂತು ನಗುತ್ತಾ ಹೇಳಿದ ಮಾತು. ಏಳು ರೆಕ್ಕೇನೂ ಸಾಲಾಗಿ ನೇತುಹಾಕಿದ್ರು. ಅಕ್ಕನದು ಇಲ್ಲಿ, ತಂಗಿಯದು ಅಲ್ಲಿ ಅಂತಲ್ಲ. ಏಳೂ ಒಂದೇ ಸಾಲಿನಲ್ಲಿ. ಬಣ್ಣ ಒರೆಸಿ, ಚುಕ್ಕಿ ಮುಚ್ಚಿ, ಕೂದಲೆಳೆ ವ್ಯತ್ಯಾಸವಿಲ್ಲದ ಏಳು ರೆಕ್ಕೆ. ಒಣಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಯಂತ್ರಕ್ಕೆ ಏರಿಸಿದ್ದರು.

ತಂಗಿಯ ಎರಡ‌ನೇ ರೆಕ್ಕೆ ಅಕ್ಕನಿಗೆ ಹೋಗಿತ್ತು. ಅದರ ಬದಲಿಗೆ ಅಕ್ಕನದೊಂದು ತಂಗಿಗೆ ಬಂದಿತ್ತು.

ಮಾವನಿಗೆ ನಾನು ಹೇಳಬೇಕಾಗಲಿಲ್ಲ. ಅವರ ತುಟಿ ತಾನಾಗಿ ಎಣಿಸುತ್ತಿತ್ತು. ಎರಡು, ಐದು, ಏಳು ಬಿದ್ದ ಯಂತ್ರದಲ್ಲಿ. ಆರು ಸ್ಟೋರಿನಲ್ಲಿ. ತಂಗಿಯ ಮೇಲೆ ಒಂದು, ಮೂರು, ನಾಲ್ಕು...

ಹೊರಗೆ ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ಹಿಡಿಯಿತು.

ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತೆರಡು. ನಾನು ಫೋನಿಗೆ ಹಾರಿ ಬಯಲಿನ ಕಂಟ್ರೋಲ್ ಕೋಣೆಯ ನಂಬರು ತಿರುಗಿಸಿದೆ. ಗಂಟೆ ಬಡಿಯಿತು. ಬಡಿಯುತ್ತಲೇ ಇತ್ತು. ಎಲ್ಲರೂ ತಂಗಿಯನ್ನು ನೋಡಲು ಹೊರಗೆ ಬಂದು ನಿಂತಿದ್ದರು.

ರಿಸೀವರ್ ಬಿಸಾಡಿ ತಿರುಗಿದರೆ ಮಾವ ಕೋಣೆಯಲ್ಲಿರಲಿಲ್ಲ.

ಅರವತ್ತು ದಾಟಿದ ಆ ಮನುಷ್ಯ ಹೇಗೆ ಓಡಿದರೋ ದೇವರೇ ಬಲ್ಲ. ಬಡಗಿ ಕೋಣೆಯಿಂದ ಬೇಲಿಗೆ ನಾನೂರು ಹೆಜ್ಜೆ. ನನ್ನ ಹಾಳು ಮಂಡಿ ನೂರಕ್ಕೇ ಕೈಕೊಟ್ಟಿತು. ಕುಂಟುತ್ತಾ, ನನ್ನನ್ನೂ ನನ್ನ ಸಹಿಯನ್ನೂ ಬೈದುಕೊಳ್ಳುತ್ತಾ ಅವರ ಹಿಂದೆ ಹೋದೆ. ಬೇಲಿಯಾಚೆ ತಂಗಿ ಆಗಲೇ ನೆಲ ಬಿಟ್ಟಿದ್ದಳು. ಎರಡಾಳೆತ್ತರದಲ್ಲಿ ನಿಂತು ಧೂಳೆಬ್ಬಿಸುತ್ತಿದ್ದಳು. ಬಾವುಟ ಯಂತ್ರದ ಆಚೆ ಬದಿಯಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದ. ಮಾವನ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಲಿಯ ಪಕ್ಕದಲ್ಲಿದ್ದಳು.

ಮಾವ ಬೇಲಿ ತಲುಪಿದರು. “ಇಳಿಸೋ! ಇಳಿಸಪ್ಪಾ!” ಎಂದು ಕೂಗುತ್ತಿದ್ದಿರಬೇಕು. ಬಾಯಿ ತೆರೆದು ಮುಚ್ಚುತ್ತಿದ್ದದ್ದು ಕಾಣುತ್ತಿತ್ತು. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ಮಗಳಿಗೇ ಕೇಳಿಸಲಿಲ್ಲ, ಇನ್ನು ಮೇಲಿದ್ದವನಿಗೆ ಎಲ್ಲಿಂದ ಕೇಳಬೇಕು. ಧ್ವನಿ ಸಾಲದೆಂದು ತಿಳಿದು ಮಾವ ಎರಡೂ ಕೈ ತಲೆಯ ಮೇಲೆತ್ತಿ ಬೀಸತೊಡಗಿದರು.

ಅದು ‘ಮೇಲೇರು’ ಎನ್ನುವ ಸನ್ನೆ.

“ಕೈ ಇಳಿಸಿ ಮಾವ! ಕೈ ಕೆಳಗೆ!” ಎಂದು ಅರಚಿದೆ. ಹೊಟ್ಟೆಯ ಮುಂದೆ ಮುಂಗೈ ಕತ್ತರಿ ಹಾಕಿ ತೋರಿಸಿದೆ. ನನ್ನನ್ನು ಯಾರು ನೋಡಬೇಕು? ನೂರೈವತ್ತು ಹೆಜ್ಜೆ ಹಿಂದೆ ಕುಂಟುತ್ತಿದ್ದ ಹೊರಗಿನವನು ನಾನು.

ಗಾಜಿನ ಗುಮ್ಮಟದೊಳಗಿನ ತಲೆ ಬೇಲಿಯ ಕಡೆ ತಿರುಗಿತು. ಮೂರು ವರ್ಷದಲ್ಲಿ ಒಮ್ಮೆಯೂ ಬಾರದ ಮಾವ ಬಂದಿದ್ದು ಅಳಿಯನಿಗೆ ಕಂಡಿತು. ಕೈ ಹಣೆಗೇರಿ ಸಲಾಮು ಹೊಡೆಯಿತು. ಮಗಳು ಅಪ್ಪನನ್ನು ಕಂಡು ಚಪ್ಪಾಳೆ ತಟ್ಟಿ ನಕ್ಕಳು.

ತಂಗಿ ಏರಿದಳು. ತಾಳೆಮರದೆತ್ತರ, ಅದಕ್ಕೂ ಮೇಲೆ.

ಮಾವ ಇನ್ನೂ ಜೋರಾಗಿ ಕೈ ಬೀಸಿದರು. ತಂಗಿ ಇನ್ನೂ ಮೇಲೆ ಹೋದಳು.